ಮಣ್ಣಿನ ಸಿಹಿ ಎಂದು ನಂಬಿದ್ದೆ

ಆ ದಿನವೂ ವಾಕಿಂಗ್ ಮುಗಿಸಿ ಬಂದು, ಚಪ್ಪಲಿ ಬಿಟ್ಟು, ಕೈ ತೊಳೆದು ರೊಟ್ಟಿ ಮುರಿದೆ. ಹಂಚು ಒಡೆದಂಥ ಸದ್ದಾಯಿತು. ಊರಿನಲ್ಲಿರುವ ನಿಮಗೆ ಈ ಸದ್ದಿನ ಬಗ್ಗೆ ಹೇಳಲೇಬೇಕು. ಖಡಕ್ ರೊಟ್ಟಿ ಎಂದರೆ ಜೋಳದ ಹಿಟ್ಟನ್ನು ತೆಳ್ಳಗೆ ತಟ್ಟಿ, ಬೇಯಿಸಿ, ಹಪ್ಪಳದ ಹಾಗೆ ಗರಿಗರಿಯಾಗುವಂತೆ ಒಣಗಿಸಿಟ್ಟ ರೊಟ್ಟಿ. ತಿಂಗಳಾದರೂ ಕೆಡುವುದಿಲ್ಲ. ಮಂಗಳೂರಿನಲ್ಲಿ ನೀರುದೋಸೆ ತಿಂದು ಬೆಳೆದವಳು ನಾನು. ಬೆಳಗಿನ ತಿಂಡಿ ಇಷ್ಟು ಗಟ್ಟಿಯಾಗಿ ಸದ್ದು ಮಾಡಬಹುದೆಂದು ಧಾರವಾಡಕ್ಕೆ ಬರುವವರೆಗೆ ಗೊತ್ತಿರಲಿಲ್ಲ. ಮೊದಮೊದಲು ಕೆಳಗಿನ ಮನೆಯಲ್ಲಿ ರೊಟ್ಟಿ ಮುರಿದರೆ ಮಹಡಿಯ ಮೇಲೆ ನಾನು ಬೆಚ್ಚುತ್ತಿದ್ದೆ.

ಮುರಿದ ತುಂಡಿನ ಮೇಲೆ ಎರಡು ಚಮಚ ಪೀನಟ್ ಬಟರ್ ಸವರಿದೆ. ಬಾಟಲಿಯ ನೀಲಿ ಮುಚ್ಚಳ ತೆಗೆದರೆ ಮೇಲೆ ಎಣ್ಣೆ ತೇಲುತ್ತಿರುತ್ತದೆ, ತಳದ ತನಕ ಚಾಕು ಇಳಿಸಿ ಕದಡಬೇಕು. ಹುರಿದ ನೆಲಕಡಲೆಯ ಘಮ ಮೊದಲು ಮೂಗಿಗೆ, ಆಮೇಲೆ ಗಂಟಲಿಗೆ. ಅಂಗುಳಕ್ಕೆ ಅಂಟಿಕೊಂಡರೆ ಸ್ವಲ್ಪ ಹೊತ್ತು ಯಾರು ಮಾತಾಡಿಸಿದರೂ ಉತ್ತರ ಕೊಡಲಾಗದು. ಆ ಮೌನ ನನಗೆ ಇಷ್ಟ. ಅನ್ನ ಬಿಟ್ಟವಳು, ಚಹಾದ ಸಕ್ಕರೆ ಬಿಟ್ಟವಳು, ಬಾಳೆಹಣ್ಣನ್ನು ಕೂಡ ದೂರದಿಂದಲೇ ನೋಡುವವಳು. ದಿನದಲ್ಲಿ ಹೆದರದೆ ತಿನ್ನುವ ವಸ್ತು ಇದೊಂದೇ ಆಗಿತ್ತು. ಕೊನೆಯಲ್ಲಿ ನಾಲಿಗೆಯ ಮೇಲೆ ತೆಳುವಾಗಿ ಒಂದು ಸಿಹಿ ಉಳಿಯುತ್ತಿತ್ತು. ಅದು ಇಲ್ಲಿಯ ಕಪ್ಪು ಮಣ್ಣಿನ ಗುಣ ಎಂದು ನಾನು ನಂಬಿದ್ದೆ.

ಇವರಿಗೆ ಇಲ್ಲಿಗೆ ವರ್ಗವಾದಾಗ ಮಾಳಮಡ್ಡಿಯ ಒಂದು ಹಳೆಯ ಮನೆಯ ಮಹಡಿ ಬಾಡಿಗೆಗೆ ಸಿಕ್ಕಿತು. ಕೆಳಗೆ ಮನೆಯೊಡತಿ ನೀಲಕ್ಕ. ಅರುವತ್ತು ದಾಟಿದ ವಿಧವೆ, ಹಣೆಯಲ್ಲಿ ವಿಭೂತಿ, ದನಿ ಬೀದಿಯ ಆ ತುದಿಗೆ ಕೇಳಿಸುವಷ್ಟು. ಆಕೆಯ ಷರತ್ತು ಒಂದೇ: “ಮನ್ಯಾಗ ಮೀನ ಬೇಯಿಸಂಗಿಲ್ಲವ್ವಾ. ಹೊರಗ ಏನರ ತಿನ್ರಿ, ನಾ ಕೇಳಂಗಿಲ್ಲ.” ನಾನು ಒಪ್ಪಿದೆ. ಒಪ್ಪುವಾಗ ಬಾಯಲ್ಲಿ ನೀರೂರಿದ್ದು ನನಗೊಬ್ಬಳಿಗೇ ಗೊತ್ತು.

ಭಾಷೆ ಕನ್ನಡವೇ, ಆದರೂ ಮೊದಲ ದಿನಗಳಲ್ಲಿ ನಾನು ಕಿವುಡಿಯ ಹಾಗೆ ತುಟಿ ನೋಡಿಕೊಂಡು ಅರ್ಥ ಮಾಡಿಕೊಳ್ಳುತ್ತಿದ್ದೆ. ನನ್ನ ಕಾನ್ವೆಂಟ್ ಕನ್ನಡ ಕೇಳಿ ತರಕಾರಿಯವಳು, “ರೇಡಿಯೋದಾಗ ಮಾತಾಡ್ತೀರೇನ್ರಿ ಅಕ್ಕಾರ?” ಎಂದಳು. ನಮ್ಮ ತೆಂಗಿನಕಾಯಿ ಇರುವ ಜಾಗದಲ್ಲೆಲ್ಲ ಇಲ್ಲಿ ಶೇಂಗಾ, ಅಂದರೆ ನಮ್ಮ ನೆಲಕಡಲೆ. ಬದನೆಕಾಯಿಯ ಹೊಟ್ಟೆಯೊಳಗೆ ಶೇಂಗಾ, ಪಲ್ಯದ ಮೇಲೆ ಶೇಂಗಾ ಪುಡಿ, ಊಟದ ತಟ್ಟೆಯ ಮೂಲೆಯಲ್ಲಿ ಖಾರ ಹಾಕಿ ಕುಟ್ಟಿದ ಶೇಂಗಾ ಹಿಂಡಿ. ನಮ್ಮಲ್ಲಿ ಸಮುದ್ರದ ದಂಡೆಯಲ್ಲಿ ಕಾಗದದ ಪೊಟ್ಟಣದಿಂದ ಸಂಜೆಯ ಹೊತ್ತು ಕಳೆಯಲಿಕ್ಕೆ ತಿನ್ನುವ ವಸ್ತು ಇಲ್ಲಿ ಅಡುಗೆಮನೆಯ ಯಜಮಾನ.

ಇವರು ಕಚೇರಿಗೆ ಹೋದ ಮೇಲೆ ಮನೆಯೊಳಗೆ ನಾನು ಮತ್ತು ಫ್ಯಾನು. ನಮ್ಮೂರಿನಲ್ಲಿ ಗಾಳಿಗೆ ಉಪ್ಪಿನ ವಾಸನೆ ಇರುತ್ತದೆ, ಇಲ್ಲಿ ಧೂಳಿನದ್ದು. ಆ ಧೂಳನ್ನು ಕಿಟಕಿಯ ಸರಳಿನಿಂದ ದಿನಾ ಒರೆಸುತ್ತಾ ಒಮ್ಮೊಮ್ಮೆ ಅಳುತ್ತಿದ್ದೆ. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತಿದ್ದೀರಿ ಎಂದು ಡಾಕ್ಟರು ಹೇಳಿದ್ದು ಅದೇ ಕಾಲದಲ್ಲಿ. ಅಮ್ಮ ಕೊನೆಯ ತನಕ ಊಟಕ್ಕಿಂತ ಹೆಚ್ಚು ಮಾತ್ರೆ ನುಂಗಿದವರು. ಅದು ನನಗೆ ಬೇಡವಾಗಿತ್ತು. ಪಥ್ಯದಿಂದಲೇ ಇಳಿಸುತ್ತೇನೆ, ಸಮಯ ಕೊಡಿ ಎಂದು ಡಾಕ್ಟರನ್ನು ಬೇಡಿಕೊಂಡೆ.

ಅಕ್ಷರ ಬಿಡದೆ ಓದಬೇಕೆಂದು ಶಾಲೆಯಲ್ಲಿ ಸಿಸ್ಟರ್ ಕಲಿಸಿದ್ದರು. ಅಂಗಡಿಯಿಂದ ತಂದ ಪೀನಟ್ ಬಟರಿನ ಡಬ್ಬಿಯ ಹಿಂಬದಿ ಓದಿದರೆ ಸಕ್ಕರೆ, ತಾಳೆ ಎಣ್ಣೆ. ಆಸೆಯಿಂದ ತಂದದ್ದು, ತಿನ್ನುವ ಹಾಗಿಲ್ಲ. ಮೆಟ್ಟಿಲ ಮೇಲೆ ಡಬ್ಬಿ ಹಿಡಿದು ಕೂತಿದ್ದವಳನ್ನು ನೀಲಕ್ಕ ನೋಡಿದರು.

“ಏನವ್ವಾ ಅದು? ಗ್ವಾಡಿಗೆ ಮೆತ್ತೂ ಕೆಸರಿನಂಗ ಐತಿ.”

“ನೆಲಕಡಲೆಯ ಬೆಣ್ಣೆ ಅಕ್ಕಾ.”

“ಶೇಂಗಾದಾಗ ಬೆಣ್ಣಿ ಎಲ್ಲಿಂದ ಬಂತ? ಅದಕ್ಕೇನ ಕೆಚ್ಚಲ ಐತೇನ?” ಎಂದು ನಕ್ಕು, ಡಬ್ಬಿ ಕಿತ್ತುಕೊಂಡು ಮೂಸಿದರು. “ನಮ್ಮ ಹೊಲದ ಶೇಂಗಾ ಚೀಲಗಟ್ಲೆ ಬಿದ್ದಾವು. ನಾ ಮಾಡಿ ಕೊಡತೇನಿ ತಗೋ. ಇದನ್ನ ಒಗಿ ಅತ್ತಾಗ.”

“ಆದ್ರೆ ಅಕ್ಕಾ, ಸಕ್ಕರೆ, ಬೆಲ್ಲ, ಜೇನು ಎಂತದ್ದೂ ಹಾಕ್ಲಿಕ್ಕಿಲ್ಲ. ಬರೀ ನೆಲಕಡಲೆ, ಒಂದು ಚಿಟಿಕೆ ಉಪ್ಪು. ಡಾಕ್ಟ್ರು ಹೇಳಿದ್ದಾರೆ.”

“ಹೂಂ ಯವ್ವಾ, ಹೂಂ. ಹಾಕಂಗಿಲ್ಲ.”

ಶೇಂಗಾ ಹುರಿದು, ಮೊರದಲ್ಲಿ ಉಜ್ಜಿ ಸಿಪ್ಪೆ ಹಾರಿಸಿ, ಮಿಕ್ಸಿ ಬಿಸಿಯಾದಾಗಲೆಲ್ಲ ನಿಲ್ಲಿಸಿ, ಎಣ್ಣೆ ಬಿಡುವ ತನಕ ತಿರುವಿ ಆಕೆ ಕೊಟ್ಟ ಮೊದಲ ಬಾಟಲಿಗೆ ನಾನು ಥ್ಯಾಂಕ್ಸ್ ಹೇಳಿದೆ. “ಥ್ಯಾಂಕ್ಸ್ ಅಂತ, ಥ್ಯಾಂಕ್ಸ್! ನಾ ಏನ ಅಂಗಡಿ ಇಟ್ಟೇನೇನ?” ಎಂದು ಬೈದರು. ಆವತ್ತು ರಾತ್ರಿ ಫೋನಿನಲ್ಲಿ ನನ್ನ ಅಕ್ಕನಿಗೆ ಹೇಳಿದೆ: ಇಲ್ಲಿಯ ನೆಲಕಡಲೆಗೆ ಎಂಥ ಸಿಹಿ ಗೊತ್ತುಂಟಾ, ಮಣ್ಣೇ ಸಿಹಿ ಮಾರಾಯ್ತಿ, ನಮ್ಮಲ್ಲಿ ಸಿಕ್ಕುವುದು ಇದರ ಮುಂದೆ ಮರದ ಹೊಟ್ಟು. ಈ ಊರಿನ ಬಗ್ಗೆ ನಾನು ಆಡಿದ ಮೊದಲ ಒಳ್ಳೆಯ ಮಾತು ಅದು. ಅಲ್ಲಿಂದ ಮುಂದೆ ಬೇರೆ ಮಾತುಗಳೂ ಬಂದವು. ಬೇವಿನ ಮರಗಳು ಚಂದ ಎಂದೆ, ಸಂಜೆಯ ಗಾಳಿ ತಂಪು ಎಂದೆ.

ಆ ಬೆಳಿಗ್ಗೆಗೆ ಮರಳುತ್ತೇನೆ. ತಿಂಡಿ ಮುಗಿಸಿ ಆಟೋ ಹಿಡಿದು ಆಸ್ಪತ್ರೆಗೆ ಹೋದೆ. ಹಿಂದಿನ ದಿನ ರಕ್ತ ಕೊಟ್ಟು ಬಂದಿದ್ದೆ, ಮೂರು ತಿಂಗಳ ಸಕ್ಕರೆಯನ್ನು ಒಟ್ಟಿಗೆ ತೋರಿಸುವ ಪರೀಕ್ಷೆ ಅದು. ಇಳಿದೇ ಇರುತ್ತದೆ ಎಂಬ ಧೈರ್ಯದಲ್ಲಿ ಒಳ್ಳೆಯ ಸೀರೆ ಉಟ್ಟಿದ್ದೆ. ಡಾಕ್ಟರಮ್ಮ ಕನ್ನಡಕ ಮೇಲೇರಿಸಿ ಕಾಗದ ನೋಡಿದರು.

“ಇಳದಿಲ್ಲ, ಏರೇದರಿ. ಬೆಲ್ಲ, ಬೇಕರಿ ತಿಂಡಿ, ಪೇಢಾ ಏನರ ನಡದದೇನ್ರಿ?”

“ಇಲ್ಲ ಡಾಕ್ಟ್ರೇ, ಒಂದು ಚೂರೂ ಇಲ್ಲ.”

“ಎಲ್ಲಾರೂ ಹಂಗ ಅಂತಾರ್ರಿ. ಈ ಊರಾಗ ಪೇಢಾ ತಿನ್ನವರು ಒಬ್ಬರೂ ನನಗಿನ್ನೂ ಸಿಕ್ಕಿಲ್ಲ ನೋಡ್ರಿ.” ನಗುತ್ತಲೇ ಮಾತ್ರೆ ಬರೆದರು.

ಮಾತ್ರೆಗಿಂತ ಆ ನಗು ನೋಯಿಸಿತು. ನಾನು ಸುಳ್ಳಿ ಎಂದು ಅವರು ಖಚಿತಪಡಿಸಿಕೊಂಡಿದ್ದರು. ಬರುವಾಗ ಆಟೋದಲ್ಲಿ ಕೂತು ಒಂದೇ ಯೋಚನೆ: ನೀಲಕ್ಕನ ಹತ್ತಿರ ಹೋಗಿ ಅತ್ತುಬಿಡಬೇಕು. ಅಳಲಿಕ್ಕೆ ಈ ಊರಿನಲ್ಲಿ ನನಗಿದ್ದ ಜಾಗ ಅದೊಂದೇ.

ಇಲ್ಲಿ ಹಗಲು ಹೊತ್ತು ಮನೆಯ ಬಾಗಿಲು ಹಾಕುವುದಿಲ್ಲ. ಸೀದಾ ಒಳಗೆ ಹೋದೆ. ಅಡುಗೆಮನೆಯ ನೆಲದ ಮೇಲೆ ನೀಲಕ್ಕ ಕಾಲು ಚಾಚಿ ಕೂತಿದ್ದರು. ಒಂದು ಪರಾತದಲ್ಲಿ ಹುರಿದ ಶೇಂಗಾ. ಮಡಿಲ ಮುಂದೆ ಈಳಿಗೆ, ಅದರ ಅಲಗಿನ ಮೇಲೆ ಬೆಲ್ಲದ ಉಂಡೆ ಇಟ್ಟು ಕೆರೆಯುತ್ತಿದ್ದರು. ಹೊಂಬಣ್ಣದ ಪುಡಿ ರಾಶಿ ಬೀಳುತ್ತಿತ್ತು.

“ಉಂಡೆ ಮಾಡ್ತಿದ್ದೀರಾ ಅಕ್ಕಾ?”

“ಉಂಡಿ ಎಲ್ಲೀದು, ನಿನ್ನ ಬೆಣ್ಣಿನವ್ವಾ. ಮುಗೀಲಿಕ್ಕೆ ಬಂದೇತಿ ಅಂದಿದ್ದೆಲ್ಲಾ ನಿನ್ನೆ.”

ಮುಚ್ಚಿಡಬೇಕೆಂಬುದೇ ಆಕೆಗೆ ಮರೆತುಹೋಗಿತ್ತು. ನಾನು ಬೆಲ್ಲದ ಕಡೆ ನೋಡುತ್ತಾ ನಿಂತದ್ದನ್ನು ಕಂಡ ಮೇಲೆ ಕೈ ನಿಂತಿತು.

“ಇದು ಪಿತ್ತಕ್ಕವಾ,” ಎಂದರು. “ಬರೇ ಶೇಂಗಾ ತಿಂದ್ರ ಪಿತ್ತ ಏರತೈತಿ. ತಲಿ ತಿರಗತೈತಿ, ವಾಂತಿ ಆಕ್ಕೈತಿ. ಬೆಲ್ಲ ಬಿದ್ರ ತಣ್ಣಗಾಕ್ಕೈತಿ.”

ಇದನ್ನು ನಾನು ಮೊದಲೂ ಗಮನಿಸಿದ್ದೆ. ಇಲ್ಲಿ ಯಾರ ಮನೆಯಲ್ಲಿ ಶೇಂಗಾ ಕೊಟ್ಟರೂ ಪಕ್ಕದಲ್ಲಿ ಒಂದು ಬೆಲ್ಲದ ಚೂರು ಇರುತ್ತದೆ. ಉಪಚಾರ ಎಂದುಕೊಂಡಿದ್ದೆ. ಇಲ್ಲಿಯವರ ಪಾಲಿಗೆ ಶೇಂಗಾದ ಜೊತೆಗಿನ ಬೆಲ್ಲ ಔಷಧ, ಬಿಟ್ಟರೆ ಅಪಾಯ.

“ಮೊದಲ ಬಾಟ್ಲಿಗೂ ಹಾಕಿದ್ರಾ?”

“ಮೊದಲ ಸ್ವಲ್ಪ ಹಾಕಿದ್ದೆ. ನೀ ಛಲೋ ಆಗೇತಿ ಅಂದಿ. ಆಮ್ಯಾಲ ಸಮಾ ಹಾಕಿದೆ.”

“ಹಾಕುದಿಲ್ಲ ಅಂತ ಹೇಳಿದ್ರಲ್ಲ ಅಕ್ಕಾ ನೀವು. ನನ್ನ ಎದುರೇ ಹೇಳಿದ್ರಿ.”

“ಅಂದಿದ್ದೆ. ಹಂಗನ್ನದಿದ್ರ ನೀ ತಿಂತಿದ್ದೇನ? ಬಂದಾಗ ಹೆಂಗಿದ್ದಿ, ಒಣ ಕಟಗಿ ಹಂಗ. ಈಗ ನೋಡ, ಮಾರಿ ಮ್ಯಾಲ ಕಳಾ ಬಂದೈತಿ.”

ನಾನು ಪರೀಕ್ಷೆಯ ಕಾಗದ ಚಾಚಿದೆ. ಸಕ್ಕರೆ ಏರಿದೆ, ಇನ್ನು ಮಾತ್ರೆ ಎಂದೆ. ಆಕೆ ಕಾಗದವನ್ನು ಮುಟ್ಟಲಿಲ್ಲ. “ಅದು ಬೆಲ್ಲದ್ದಲ್ಲ ತಗೋ. ನಿಮ್ಮ ಆ ದಪ್ಪಕ್ಕಿ ಅನ್ನದ್ದು.”

“ಅನ್ನ ಬಿಟ್ಟು ಎಷ್ಟು ಸಮಯ ಆಯ್ತು ನಾನು!” ಎಂದು ಕೂಗಿದೆ. ಆ ಮನೆಯಲ್ಲಿ ನಾನು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು.

ನೀಲಕ್ಕನ ಮುಖ ಸಣ್ಣದಾಯಿತು. “ಕದ್ದ ಏನ ಹಾಕಿಲ್ಲವಾ ನಾ,” ಎಂದರು ಮೆಲ್ಲಗೆ. “ನಿಮ್ಮನಿಯವರಿಗೆ ಹೇಳೇನಿ.”

ಮೇಲೆ ಬಂದು, ಉಳಿದಿದ್ದ ಬಾಟಲಿಯನ್ನು ಮೇಜಿನ ಮೇಲಿಟ್ಟು ಅದರ ಎದುರು ಕೂತೆ. ಮೀನು ಬೇಯಿಸುವುದಿಲ್ಲ ಎಂದು ನಾನು ಕೊಟ್ಟ ಮಾತು ನೆನಪಾಯಿತು. ಈ ಮನೆಯೊಳಗೆ ಒಂದು ದಿನ, ಒಂದೇ ಒಂದು ದಿನ, ಒಣ ಸೀಗಡಿಯ ಚಟ್ನಿಯನ್ನೂ ನಾನು ಮಾಡಿದವಳಲ್ಲ. ಅಕ್ಕ ಕಟ್ಟಿಕೊಟ್ಟ ಪೊಟ್ಟಣವನ್ನು ಬಸ್ಸಿನಲ್ಲೇ ಪಕ್ಕದವಳಿಗೆ ಕೊಟ್ಟು ಬಂದೆ. ನೀಲಕ್ಕ ವಾರಗಟ್ಟಲೆ ಊರಿಗೆ ಹೋದಾಗಲೂ ಬಂಗುಡೆ ಹುರಿಯಲಿಲ್ಲ. ಗೊತ್ತಾಗುತ್ತಿರಲಿಲ್ಲ. ಆದರೂ ಮಾಡಲಿಲ್ಲ, ಯಾಕೆಂದರೆ ಹಾಗೆಂದು ಹೇಳಿದ್ದೆ.

ಇವರು ಕಚೇರಿಯಿಂದ ಬಂದು ಹೆಲ್ಮೆಟ್ ಇಡುವ ಮೊದಲೇ ಕೇಳಿದೆ: “ನಿಮಗೆ ಗೊತ್ತಿತ್ತಾ?”

ಬಾಟಲಿ ನೋಡಿ ಅರ್ಥವಾಯಿತು. “ಹೂಂ,” ಎಂದರು. “ನಿನಗೆ ಹೇಳಿದ್ರೆ ಬಿಟ್ಟುಬಿಡ್ತಿದ್ದಿ. ಇಲ್ಲಿಗೆ ಬಂದ ಮೇಲೆ ನೀನು ಖುಷಿಯಲ್ಲಿ ತಿಂದದ್ದು ಅದೊಂದೇ ಅಲ್ವಾ. ಇಷ್ಟು ಏರ್ತದೆ ಅಂತ ನಾನು ಎಣಿಸ್ಲಿಲ್ಲ.”

“ಮಣ್ಣು ಸಿಹಿ ಅಂತ ನಾನು ಅಕ್ಕನ ಹತ್ರ ಹೇಳುವಾಗ ನೀವು ಇಲ್ಲೇ ಈ ಕುರ್ಚಿಯಲ್ಲಿ ಕೂತಿದ್ರಿ.”

ಬೇರೆ ಮನೆ ಹುಡುಕಿ ಎಂದೆ. ಹುಬ್ಬಳ್ಳಿಯಲ್ಲಾದರೂ ಸರಿ, ಯಾರ ಪರಿಚಯವೂ ಬೇಡದ ಒಂದು ಫ್ಲಾಟು, ಬಾಗಿಲು ಹಾಕಿಕೊಳ್ಳುವಂಥದ್ದು. “ಆಯ್ತು, ನೋಡ್ತೇನೆ,” ಎಂದರು. ಅಷ್ಟು ಬೇಗ ಒಪ್ಪಿದ್ದೂ ನನಗೆ ಸಿಟ್ಟು ತರಿಸಿತು.

ನಿಮ್ಮಲ್ಲಿ, ನಮ್ಮೂರಿನಲ್ಲಿ, ಯಾರೂ ನನಗೆ ಹೀಗೆ ಮಾಡುತ್ತಿರಲಿಲ್ಲ. ಪಕ್ಕದ ಮನೆಯವರು ಕಂಪೌಂಡಿನ ಗೋಡೆಯ ಮೇಲಿಂದ ಸಾರು ಕೊಡುವಾಗಲೂ “ಖಾರ ಆಗ್ತದಾ ನಿಮಗೆ?” ಎಂದು ಕೇಳಿಯೇ ಕೊಡುತ್ತಿದ್ದರು. ಬರುವ ಮೊದಲು ಫೋನು ಮಾಡುತ್ತಿದ್ದರು. ಬೇಡವೆಂದರೆ ಬೇಡ. ಅದು ಮರ್ಯಾದೆ. ಆದರೆ ನನ್ನ ಹಸಿವಿಗಾಗಿ ಮಧ್ಯಾಹ್ನದ ಸೆಕೆಯಲ್ಲಿ ಕೂತು ಸಿಪ್ಪೆ ಉಜ್ಜಿದವರು ಅಲ್ಲಿ ಯಾರಿದ್ದರು? ಹೆಸರು ಹೇಳಲಾರೆ. ಹಾಗೆಂದು ನೀಲಕ್ಕನನ್ನು ಕ್ಷಮಿಸಲೂ ಆಗಲಿಲ್ಲ. ಮಾತ್ರೆ ನುಂಗುವವಳು ನಾನು, ಆಕೆಯಲ್ಲ. ಅಲ್ಲಿಯವರ ಮಾತೂ ಇಲ್ಲಿಯವರ ಕೈಯೂ ಒಬ್ಬರಲ್ಲೇ ಸಿಗುವ ಊರು ಎಲ್ಲಾದರೂ ಇದೆಯೇ ಎಂದು ಯೋಚಿಸುತ್ತಾ, ಒಣಗಿದ ಬಟ್ಟೆ ತರಲು ಹಿತ್ತಿಲಿಗೆ ಇಳಿದೆ. ಹೋಗುವಾಗ ನೀಲಕ್ಕನ ಬಾಗಿಲಿನ ಕಡೆ ತಿರುಗಲಿಲ್ಲ.

ಹಿಂದಿನ ಮನೆಯ ವೈನಿ ಬೇಲಿಯ ಆಚೆ ಕರಿಬೇವು ಕೊಯ್ಯುತ್ತಿದ್ದರು. ವೈನಿ ಎಂದರೆ ಅತ್ತಿಗೆ, ಇಲ್ಲಿ ನೆರೆಯ ಹಿರಿಯ ಹೆಂಗಸರನ್ನೂ ಹಾಗೇ ಕರೆಯುತ್ತಾರೆ. ನೀಲಕ್ಕನ ಜೊತೆಯಲ್ಲೇ ಈ ಓಣಿಗೆ ಸೊಸೆಯಾಗಿ ಬಂದವರಂತೆ.

“ಯಾಕ್ರಿ, ಅತ್ತೀರೇನು? ಅಲ್ಲಿ ನೀಲಕ್ಕನೂ ಲೈಟ್ ಹಚ್ಚಲಾರದ ಕತ್ತಲದಾಗ ಕೂತಾಳ.”

ತಡೆಯಲಾಗದೆ ಹೇಳಿದೆ. ಬೇಡ ಎಂದು ಅಷ್ಟು ಹೇಳಿದರೂ ಬೆಲ್ಲ ಹಾಕಿದ್ದು, ಆಕೆಯೂ ನನ್ನ ಗಂಡನೂ ಸೇರಿ ಮುಚ್ಚಿಟ್ಟದ್ದು, ರಕ್ತದಲ್ಲಿ ಸಕ್ಕರೆ ಏರಿದ್ದು, ಎಲ್ಲವನ್ನೂ.

ವೈನಿ ಕರಿಬೇವಿನ ಎಸಳುಗಳನ್ನು ಸೆರಗಿನಲ್ಲಿ ಕಟ್ಟಿಕೊಳ್ಳುತ್ತಾ ಕೇಳಿಸಿಕೊಂಡರು. ಆಶ್ಚರ್ಯವೇನೂ ಆದ ಹಾಗಿರಲಿಲ್ಲ. ಮನೆಯ ಕಡೆ ತಿರುಗಿ ಎರಡು ಹೆಜ್ಜೆ ಹೋದವರು ಅಲ್ಲಿಂದಲೇ ಅಂದರು:

“ನಿಮಗ ಹಾಕಿದ್ಲೇನ್ರಿ? ನಮ್ಮ ಮಗಳ ಡಯಟ್ ಅಂತ ನಾನೂ ಮಾಡಿಸಿಕೊಂಡಿದ್ದೆ ಆಕಿ ಕಡೆ. ಬೆಲ್ಲ ಬ್ಯಾಡ ಅಂದೆ, ಒಂದು ಚೂರೂ ಹಾಕಲಿಲ್ಲ ನೋಡ್ರಿ. ಹೊರಗಿನ ಮಂದಿಗೆ ಆಕಿ ಕೇಳಿದಷ್ಟ ಹಾಕಿ ಕೊಡ್ತಾಳ.”