ಸಾವಿನ ಮನೆಯಲ್ಲಿ ಹೇಳಬಾರದ ಮಾತು

ಗುತ್ಯಮ್ಮನ ಗಂಡ ಕಳ್ಳು ಇಳಿಸಲು ಹತ್ತಿದ ಬಗನಿ ಮರದಿಂದ ಬಿದ್ದು ಸತ್ತಾಗ ಅವಳಿಗೆ ಇಪ್ಪತ್ತೆಂಟು ವರ್ಷ. ಮಕ್ಕಳಿರಲಿಲ್ಲ. ಎರಡು ವರ್ಷ ಮೈದುನ ಕನ್ನಪ್ಪನ ಮನೆಯಲ್ಲಿದ್ದಳು. ಅಲ್ಲಿ ತಟ್ಟೆಗೆ ಬಿದ್ದ ಅನ್ನಕ್ಕಿಂತ ಕಿವಿಗೆ ಬಿದ್ದ ಮಾತು ಜಾಸ್ತಿ. ಆನಂದಪುರದ ಹತ್ತಿರ ಮಿಶನ್ನಿನವರು ಆಸ್ಪತ್ರೆ ತೆಗೆದಿದ್ದಾರೆ, ಅಡಿಗೆಗೆ ಹೆಂಗಸು ಬೇಕಂತೆ ಎಂದು ಕೇಳಿದ ದಿನವೇ ಹೊರಟಳು.

"ಜಾತಿ ಕೆಡ್ತದೆ ಅತ್ಗೆ" ಎಂದ ಕನ್ನಪ್ಪ.

"ಕೆಡ್ಲಿ ಬಿಡು. ಹೊಟ್ಟೆ ಕೆಡೋದಕ್ಕಿಂತ ವಾಸಿ."

ಅದು ಅರವತ್ತಮೂರನೇ ಇಸವಿ. ಆಸ್ಪತ್ರೆ ಎಂದರೆ ಹೆಂಚಿನ ಎರಡು ಕೋಣೆ. ಹಿಂದೆ ವಾಸದ ಮನೆ. ನಾರ್ವೆ ದೇಶದಿಂದ ಬಂದ ಡಾಕ್ಟರು, ಅವರ ಹೆಂಡತಿ. ಡಾಕ್ಟರ ಹೆಸರು ಯಾರ ನಾಲಿಗೆಗೂ ಹೊರಳಲಿಲ್ಲ. ಬಾಗಿಲಿಗೆ ತಲೆ ತಗ್ಗಿಸದೆ ಒಳಗೆ ಬರಲಾಗದಷ್ಟು ಎತ್ತರ ಇದ್ದುದರಿಂದ ಊರಿನವರು ಉದ್ದ ಡಾಕ್ಟ್ರು ಎಂದು ಕರೆದರು. ಹೆಂಡತಿ ಇಂಗ್ರಿಡ್. ಅವರು ನರ್ಸು. ಅವರು ಎಲ್ಲರಿಗೂ ಮಿಸ್ಸಮ್ಮ.

ಮಿಸ್ಸಮ್ಮ ಪುಸ್ತಕ ಓದಿ ಕನ್ನಡ ಕಲಿತು ಬಂದಿದ್ದರು. "ಗುತ್ಯಮ್ಮನವರೇ, ನೀವು ದಯವಿಟ್ಟು ಒಲೆ ಹಚ್ಚುವಿರಾ?" ಎಂದರು ಮೊದಲ ದಿನ. ಗುತ್ಯಮ್ಮ ಹಿಂದೆ ಯಾರಾದರೂ ನಿಂತಿದ್ದಾರೋ ಎಂದು ತಿರುಗಿ ನೋಡಿದಳು. ಹುಟ್ಟಿದ ಮೇಲೆ ಅವಳಿಗೆ ಯಾರೂ ನೀವು ಎಂದಿರಲಿಲ್ಲ.

ಮಿಸ್ಸಮ್ಮನಿಗೆ ಈ ಊರು ಒಗ್ಗಲು ದಿನ ಹಿಡಿಯಿತು. ಔಷಧಿಗೆ ಬಂದ ಹೆಂಗಸರು ಸೀದಾ ಮಲಗುವ ಕೋಣೆಗೆ ಹೋಗಿ ಹಾಸಿಗೆ ಒತ್ತಿ ನೋಡುತ್ತಿದ್ದರು. ಮಕ್ಕಳು ಎಂತಕ್ಕೆ ಆಗಿಲ್ಲ, ಯಾರದ್ದು ತೊಂದರೆ ಎಂದು ಗಂಡನ ಎದುರೇ ಕೇಳುತ್ತಿದ್ದರು. ಮಿಸ್ಸಮ್ಮ ಕೆಂಪಾಗಿ ಅಡಿಗೆಮನೆಗೆ ಬಂದು ನಿಲ್ಲುತ್ತಿದ್ದರು. ಮಿಸ್ಸಮ್ಮನೋ ಎಡಗೈಯಲ್ಲಿ ಮಾತ್ರೆ ಕೊಡುತ್ತಿದ್ದರು. ಜನ ತೆಗೆದುಕೊಳ್ಳದೆ ಸುಮ್ಮನೆ ನೋಡುತ್ತಿದ್ದರು. ಗುತ್ಯಮ್ಮ ಒಂದು ದಿನ ಅವರ ಎಡಗೈಯನ್ನು ಹಿಡಿದು ಸೆರಗಿನ ತುದಿಯಲ್ಲಿ ಸೊಂಟಕ್ಕೆ ಕಟ್ಟಿಬಿಟ್ಟಳು. ಇಬ್ಬರೂ ನಕ್ಕರು. ಆಮೇಲೆ ತಪ್ಪಲಿಲ್ಲ.

ಮಿಸ್ಸಮ್ಮನಿಗೆ ಹೆಚ್ಚು ನೋವಾಗಿದ್ದು ಬೇರೆಯದಕ್ಕೆ. "ಇಲ್ಲಿಯ ಜನ ಉಪಕಾರ ಎಂದು ಒಮ್ಮೆಯೂ ಹೇಳುವುದಿಲ್ಲ. ನಾವು ಮಾಡುವುದು ಅವರಿಗೆ ಬೇಡವೇ?"

"ಬಾಯಲ್ಲಿ ಹೇಳಿದ್ರೆ ಅಲ್ಲಿಗೆ ಮುಗ್ದೋತು ಮಿಸ್ಸಮ್ಮ. ಮನ್ಸಲ್ಲಿ ಇಟ್ಕಂಡವ್ರು ಹೇಳಲ್ಲ. ಮೊನ್ನೆ ಔಷಧಿ ತಗಂಡು ಹೋಗಿದ್ದ ಜಟ್ಟಪ್ಪನ ತಾಯಿ ಮೊಗೆಕಾಯಿ ತಂದು ಜಗಲಿ ಮೇಲೆ ಇಟ್ಟು ಹೋದ್ಲಲ್ಲ, ಅದೆಂತದು ಮತ್ತೆ?"

ಹೀಗೆ ಊರಿನ ರೀತಿಯನ್ನು ಗುತ್ಯಮ್ಮನೇ ಕಲಿಸಿದಳು. ಹೊರಟವರು ಹೋಗ್ತೀನಿ ಅನ್ನಬಾರದು, ಬರ್ತೀನಿ ಅನ್ನಬೇಕು. ಮನೆಯವರು ಬಾಗಿಲ ತನಕ ಬಂದು ಮತ್ತೆ ಬನ್ನಿ ಅನ್ನಬೇಕು. ಅನ್ನದೆ ಕಳಿಸಿದರೆ ಹೊರಗೆ ದಬ್ಬಿದ ಹಾಗೆ. ಮಿಸ್ಸಮ್ಮ ಇದನ್ನು ಜಪದ ಹಾಗೆ ಕಲಿತರು. ಹುಣ್ಣು ತೊಳೆಸಿಕೊಂಡು ಹೋಗುವವರಿಗೂ ಮತ್ತೆ ಬನ್ನಿ ಎನ್ನುತ್ತಿದ್ದರು. ಜಟ್ಟಪ್ಪನ ಹೆಂಡತಿ ದುರ್ಗಮ್ಮ ಬಿದ್ದು ಬಿದ್ದು ನಗುತ್ತಿದ್ದಳು. "ಮತ್ತೆ ಬರೋಕೆ ಇನ್ನೊಂದು ಹುಣ್ಣು ಬೆಳೆಸ್ಕಬೇಕಲ್ಲ ಅಮ್ಮಾ."

ಅರವತ್ತಾರರ ಚಳಿಗಾಲ ಕಳೆಯುವಾಗ ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಹಿಂದೆಯೇ ಜ್ವರ ಬಂತು. ತರಗೆಲೆ ಗುಡಿಸಲು ಹೋದವರು, ದನ ಕಾಯಲು ಹೋದವರು ಮಲಗಿದರು. ಉದ್ದ ಡಾಕ್ಟ್ರು ಕಾಡಿನ ಕಾಲುದಾರಿಯಲ್ಲಿ ಮನೆಯಿಂದ ಮನೆಗೆ ನಡೆದರು. ಉಣ್ಣಿ ಕಚ್ಚಿತೋ ಏನೋ, ಅವರೂ ಮಲಗಿದರು. ಹನ್ನೆರಡನೇ ದಿನ ಮೂಗಿನಿಂದ ರಕ್ತ ಬಂದು ತೀರಿಕೊಂಡರು.

ಶಿವಮೊಗ್ಗದಿಂದ ಜೀಪಿನಲ್ಲಿ ಪಾದ್ರಿಗಳು ಬಂದರು. ಹಿತ್ತಲಿನಲ್ಲಿ ಗುಂಡಿ ತೋಡಿದರು. ಸುತ್ತಿನ ಐದು ಹಳ್ಳಿ ಜನ ನೆರೆದರು. ಮಣ್ಣು ಮುಚ್ಚಿದ ಮೇಲೆ ಮಿಸ್ಸಮ್ಮ ಬೇಲಿಯ ಗೇಟಿನ ಹತ್ತಿರ ಹೋಗಿ ನಿಂತರು. ಅವರ ದೇಶದಲ್ಲಿ ಹಾಗಂತೆ. ಬಂದವರ ಕೈ ಹಿಡಿದು ಕಳಿಸಿಕೊಡಬೇಕಂತೆ. ಮೊದಲು ಹೊರಟ ಜಟ್ಟಪ್ಪನ ಕೈ ಹಿಡಿದು ಅವರು ಹೇಳಿದರು: "ಮತ್ತೆ ಬನ್ನಿ."

ಜಟ್ಟಪ್ಪ ಕೈ ಬಿಡಿಸಿಕೊಂಡ. ಮಿಸ್ಸಮ್ಮ ಅವನ ತಾಯಿ ಮಾಸ್ತಮ್ಮನ ಕೈ ಹಿಡಿದರು. "ಮತ್ತೆ ಬನ್ನಿ."

ಗುತ್ಯಮ್ಮ ಹಿತ್ತಲ ಮೂಲೆಯಲ್ಲಿ ಇದ್ದಳು. ಆ ಮಾತು ಅವಳಿಗೂ ಕೇಳಿಸಿತು. ಸತ್ತ ಮನೆಯಲ್ಲಿ ಬನ್ನಿ ಅನ್ನುವುದಿಲ್ಲ, ಹೋಗುವವರೂ ಬರ್ತೀನಿ ಅನ್ನುವುದಿಲ್ಲ. ಇನ್ನೊಂದು ಹೆಣಕ್ಕೆ ಬನ್ನಿ ಎಂದು ಕರೆದ ಹಾಗಾಗುತ್ತದೆ. ಮಾತಿಲ್ಲದೆ ಎದ್ದು, ತಿರುಗಿ ನೋಡದೆ ಹೋಗಿ, ನೀರಲ್ಲಿ ಮುಳುಗಿ ಮನೆ ಸೇರಬೇಕು. ಇದನ್ನು ಅವಳು ಕಲಿಸಿರಲಿಲ್ಲ. ಬದುಕಿದವರ ಮನೆಯ ರೀತಿ ಕಲಿಸಿದಳು. ಸತ್ತ ಮನೆಯದು ಯಾರು ಕಲಿಸುತ್ತಾರೆ?

ಜನ ಗೇಟು ಬಿಟ್ಟು ಬೇಲಿ ದಾಟಿ ಹೋದರು. ಒಬ್ಬರೂ ಮಾತಾಡಲಿಲ್ಲ. ಕೆಳಗಿನ ಹಳ್ಳದಲ್ಲಿ ಎಲ್ಲರೂ ಮುಳುಗುವುದು ಜಗಲಿಯಿಂದ ಕಾಣುತ್ತಿತ್ತು. ಮಿಸ್ಸಮ್ಮ ಕಂಬ ಹಿಡಿದು ನೋಡಿದರು.

ಹಳ್ಳದಲ್ಲಿ ಗುತ್ಯಮ್ಮನಿಗೆ ದುರ್ಗಮ್ಮ ಸಿಕ್ಕಳು. ಆವತ್ತು ನಗಲಿಲ್ಲ. "ನಿಮ್ಮ ಮಿಸ್ಸಮ್ಮಂಗೆ ಇನ್ನೆಷ್ಟು ಹೆಣ ಬೇಕಂತೆ? ನಮ್ಮತ್ತೆ ಕೈನೇ ಹಿಡ್ಕಂಡು ಕರೀತಾರಲ್ಲೇ."

ಒಂಬತ್ತನೇ ದಿನ ಮಾಸ್ತಮ್ಮ ಸತ್ತಳು. ಅದೇ ಜ್ವರ. ಆವತ್ತಿನಿಂದ ಆಸ್ಪತ್ರೆಗೆ ಒಂದು ಕಾಲೂ ಬರಲಿಲ್ಲ. ಜ್ವರ ಊರಲ್ಲಿತ್ತು, ಔಷಧಿ ಬಾಟಲಿಗಳು ಬೀರುವಿನಲ್ಲಿದ್ದವು.

ಗುತ್ಯಮ್ಮನಿಗೆ ಎಲ್ಲ ಗೊತ್ತಿತ್ತು. ಹೇಳಿದರೆ ಮಿಸ್ಸಮ್ಮ ಏನಾದರೂ ದಾರಿ ಹುಡುಕುತ್ತಿದ್ದರು. ಆದರೆ ಆ ಮಾತು ಕಲಿಸಿದವಳು ಅವಳೇ. ಗಂಡ ಸತ್ತ ಹೆಂಗಸಿಗೆ, ನಿಮ್ಮ ಮಾತಿನಿಂದ ಇನ್ನೊಂದು ಸಾವಾಯಿತು ಅನ್ನುತ್ತಾರೆ ಎಂದು ಹೇಗೆ ಹೇಳುವುದು? ಹೇಳಿ, ಅವರು ಹೊರಗೆ ಹಾಕಿದರೆ ಕನ್ನಪ್ಪನ ಮನೆಯೇ ಗತಿ. ನಾಳೆ ಹೇಳುವ ಎಂದುಕೊಂಡಳು. ನಾಳೆ ಬಂದಾಗ ಮತ್ತೆ ನಾಳೆ ಎಂದುಕೊಂಡಳು.

ಯುಗಾದಿ ಕಳೆದ ಮೇಲೆ ಮಿಸ್ಸಮ್ಮ ಒಂದು ಪತ್ರ ಕೊಟ್ಟರು. "ಮಿಶನ್ನಿಗೆ ಬರೆದಿದ್ದೇನೆ. ನನ್ನನ್ನು ವಾಪಸು ಕರೆಸಿಕೊಳ್ಳಿ ಎಂದು. ಇಲ್ಲಿ ನಾವು ಯಾರಿಗೂ ಬೇಡ."

ಗುತ್ಯಮ್ಮ ಎರಡು ಮೈಲಿ ನಡೆದಳು. ದಾರಿಯಲ್ಲಿ ಮೂರು ಸಲ ನಿಂತಳು. ಟಪಾಲು ಡಬ್ಬಿಯ ಎದುರೂ ನಿಂತಳು. ಆಮೇಲೆ ಹಾಕಿದಳು.

ಹೇಳಿದ್ದು ಅದಾಗಿ ಎಂಟು ದಿನಕ್ಕೆ. ಮಿಸ್ಸಮ್ಮ ಗಂಡನ ಅಂಗಿಗಳನ್ನು ಮಡಚುತ್ತಿದ್ದರು. ಮುಖ ಎತ್ತದೆ ಹೇಳಿದರು, "ಆವತ್ತು ಅವರು ಹಳ್ಳದಲ್ಲಿ ಸ್ನಾನ ಮಾಡಿದರು. ನಮ್ಮ ಮನೆಯ ಹೊಲಸು ತೊಳೆದುಕೊಂಡರು. ನಾನು ನೋಡಿದೆ."

ಗುತ್ಯಮ್ಮನಿಗೆ ತಡೆಯಲಾಗಲಿಲ್ಲ. "ಅಲ್ಲ ಮಿಸ್ಸಮ್ಮ. ಹೊಲಸಲ್ಲ. ನನ್ನ ಗಂಡ ಸತ್ತಾಗ್ಲೂ ಹಂಗೇ ಮುಳುಗಿದ್ರು. ಅವ್ವ ಸತ್ತಾಗ್ಲೂ. ಬೇಡದವ್ರ ಮನೆಗೆ ಐದು ಹಳ್ಳಿ ಜನ ಬರ್ತಾರಾ?" ಆಮೇಲೆ ಮತ್ತೆ ಬನ್ನಿಯ ವಿಷಯವನ್ನೂ ಹೇಳಿದಳು. ಮಾಸ್ತಮ್ಮನದ್ದನ್ನೂ ಹೇಳಿದಳು.

ಮಿಸ್ಸಮ್ಮ ಅಂಗಿ ಹಿಡಿದುಕೊಂಡೇ ಕೂತರು.

"ಹಾಗಾದರೆ ಅವರು ನನ್ನ ಗಂಡನನ್ನು ಮರ್ಯಾದೆಯಿಂದ ಕಳಿಸಿದರು."

"ಹೌದು."

"ನೀವು ಯಾಕೆ ಹೇಳಲಿಲ್ಲ?"

"ಹೆದ್ರಿಕೆ ಆತು."

ಬೈಯಲಿಲ್ಲ. ಬೈದಿದ್ದರೆ ಗುತ್ಯಮ್ಮನಿಗೆ ಹಗುರವಾಗುತ್ತಿತ್ತು. ಮಾರನೇ ದಿನ ಬೆಳಿಗ್ಗೆ ಇಬ್ಬರೂ ಜಟ್ಟಪ್ಪನ ಮನೆಗೆ ಹೋದರು. ಅಲ್ಲಿ ಯಾರೂ ಬನ್ನಿ ಎನ್ನಲಿಲ್ಲ. ಮಿಸ್ಸಮ್ಮ ಜಗಲಿಯ ಮೇಲೆ ಕೂತರು. ತುಂಬ ಹೊತ್ತು ಕೂತರು. ದುರ್ಗಮ್ಮ ಒಳಗಿನಿಂದ ಬಂದು ಆಚೆ ತುದಿಯಲ್ಲಿ ಕೂತು, ಅತ್ತೆ ಕಡೆಯ ದಿನ ಗಂಜಿ ಬೇಡ ಎಂದದ್ದು, ನೀರು ಕೇಳಿದ್ದು, ಎಲ್ಲ ಹೇಳಿ ಅತ್ತಳು. ಮಿಸ್ಸಮ್ಮ ತಲೆಯಾಡಿಸುತ್ತಾ ಕೇಳಿದರು. ಆಮೇಲೆ ಸುಮ್ಮನೆ ಎದ್ದರು. ತಿರುಗಿ ನೋಡದೆ ನಡೆದರು. ಹಳ್ಳದಲ್ಲಿ ಬಟ್ಟೆ ಸಮೇತ ಮುಳುಗಿದರು. ಜಟ್ಟಪ್ಪ ಅಂಗಳದ ಅಂಚಿಗೆ ಬಂದು ನೋಡುತ್ತಾ ನಿಂತಿದ್ದ.

ಮೂರು ದಿನಕ್ಕೆ ದುರ್ಗಮ್ಮ ಜ್ವರ ಬಂದ ದೊಡ್ಡ ಮಗಳನ್ನು ಹೊತ್ತುಕೊಂಡು ಬಂದಳು. ಹುಡುಗಿ ಗುಣವಾದಳು. ವಾರದೊಳಗೆ ಜಗಲಿ ತುಂಬ ಜನ.

ಆಗ ಮಿಶನ್ನಿನ ಉತ್ತರ ಬಂತು. ಆಸ್ಪತ್ರೆ ಮುಚ್ಚಿ ಹೊರಟು ಬರಬೇಕು. ಇಲ್ಲಿಗೆ ಬೇರೆ ಡಾಕ್ಟರಿಲ್ಲ. ಮಿಸ್ಸಮ್ಮ ಇರುತ್ತೇನೆ ಎಂದು ಬರೆದರು. ತಂತಿ ಕೊಟ್ಟರು. ನೀವೇ ಕೇಳಿಕೊಂಡಿದ್ದು, ಅದರಂತೆ ತೀರ್ಮಾನವಾಗಿದೆ ಎಂದು ಉತ್ತರ ಬಂತು. ಮೇ ತಿಂಗಳ ಕೊನೆಗೆ ಹೋದರು. ಗುತ್ಯಮ್ಮ ಕನ್ನಪ್ಪನ ಮನೆಗೆ ವಾಪಸಾದಳು.

ಮಾರನೇ ವರ್ಷ ಜನವರಿಯಲ್ಲಿ ಮಂಗಗಳು ಮತ್ತೆ ಸತ್ತವು. ಜಟ್ಟಪ್ಪನ ಚಿಕ್ಕ ಮಗಳು ಮಲಗಿದಳು. ಸಾಗರದ ಆಸ್ಪತ್ರೆಗೆ ಒಯ್ಯಬೇಕು, ಆವತ್ತಿನ ರೈಲು ಹೋಗಿಯಾಗಿತ್ತು. ಜಟ್ಟಪ್ಪ ಗಾಡಿ ಕಟ್ಟಿದ. ಜ್ವರದವರನ್ನು ನೋಡಿ ಗೊತ್ತಿದ್ದವಳು ಎಂದು ಗುತ್ಯಮ್ಮನನ್ನು ಕರೆದುಕೊಂಡ. ಅರ್ಧ ದಾರಿಯಲ್ಲಿ ಅವನು ಕೇಳಿದ.

"ಅಷ್ಟು ಒಳ್ಳೇರು. ಎಂತಕ್ಕೆ ಬಿಟ್ಟು ಹೋದ್ರೇ ಗುತ್ಯಮ್ಮ?"

"ನಾನು ಹೊತ್ತಿಗೆ ಬಾಯಿ ಬಿಡ್ಲಿಲ್ಲ. ಅದಕ್ಕೆ."

ಜಟ್ಟಪ್ಪ ಎತ್ತಿನ ಬೆನ್ನಿಗೆ ಎರಡು ಹೊಡೆದ. ಹುಡುಗಿಯ ತಲೆ ಗುತ್ಯಮ್ಮನ ತೊಡೆಯ ಮೇಲೆ ಸುಡುತ್ತಿತ್ತು. ಸಾಗರ ಇನ್ನೂ ಏಳು ಮೈಲಿ ಇತ್ತು.