ಬೆಣ್ಣೆಕೈಯವರೂ ಮೇಷ್ಟ್ರ ಗುಳಿಗೆಯೂ

ಐವತ್ತೆರಡು ವರ್ಷದಿಂದ ಗಡ್ಡ ಬೋಳಿಸುತ್ತ ಬಂದ ಆ ಕ್ಷೌರಿಕರನ್ನು ಬೀದಿಯವರೆಲ್ಲ ಬೆಣ್ಣೆಕೈ ಎಂದೇ ಕರೆಯುತ್ತಿದ್ದರು. ಅವರು ಕತ್ತಿ ಆಡಿಸಿದ್ದು ಕೆನ್ನೆಗೇ ತಿಳಿಯುತ್ತಿರಲಿಲ್ಲ. ಹೊಗಳಿಕೆ ಕೇಳಿ ಕೇಳಿ ಅವರಿಗೂ ಅದು ಸ್ವಲ್ಪ ತಲೆಗೇರಿತ್ತು, ಸುಳ್ಳೇಕೆ ಹೇಳಲಿ. ಒಂದು ಕುರ್ಚಿ, ಅಂಚು ಮಸುಕಾದ ಕನ್ನಡಿ, ಕಾಯುವವರಿಗೊಂದು ಬೆಂಚು, ಇಷ್ಟೇ ಅಂಗಡಿ. ಬೆಂಚಿನ ಮೇಲೆ ಕೂತು ಹರಟೆ ಹೊಡೆಯುವವರಲ್ಲಿ ಅರ್ಧ ಜನ ಆಗಲೇ ಬೋಳಿಸಿಕೊಂಡು ಮುಗಿಸಿದವರು.

ಶನಿವಾರದ ಮೊದಲ ಗಿರಾಕಿ ಗಣಿತದ ಮೇಷ್ಟ್ರು. ಅವರೂ ಬೆಣ್ಣೆಕೈಯೂ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಓದಿದ ಗೆಳೆಯರು, ಈಗ ಇಬ್ಬರಿಗೂ ಎಪ್ಪತ್ತಾರು. ಮೇಷ್ಟ್ರ ಎದೆಬಡಿತ ತಾಳ ತಪ್ಪಿದ ಮೇಲೆ ಡಾಕ್ಟರಮ್ಮ ರಕ್ತ ಬೇಗ ಹೆಪ್ಪುಗಟ್ಟದಂತೆ ತೆಳುಮಾಡುವ ಗುಳಿಗೆ ಬರೆದಿದ್ದರು. ಅದನ್ನು ಅವರು ಗೆಳೆಯನಿಗೆ ಹೇಳಿರಲಿಲ್ಲ. ಒಂದು ಶನಿವಾರ ಗದ್ದದ ಬಳಿ ಕೂದಲೆಳೆಯಷ್ಟು ಗೀರು ಬಿತ್ತು. ಬೆಣ್ಣೆಕೈ ಪಟಿಕ ಉಜ್ಜಿದರು, ಹತ್ತಿ ಒತ್ತಿದರು, ನಿಮಿಷಕ್ಕೊಮ್ಮೆ ಎತ್ತಿ ನೋಡಿದರು. ರಕ್ತ ನಿಲ್ಲಲೊಲ್ಲದು. ಟವೆಲು ಕೆಂಪಾಗುವುದನ್ನು ಬೆಂಚಿನವರು ಎದ್ದು ನಿಂತು ನೋಡಿದರು. ಬೆಣ್ಣೆಕೈಯವರ ಜೀವ ಬಾಯಿಗೆ ಬಂತು. ಅರ್ಧ ಗಂಟೆಯ ಮೇಲೆ ಅಂತೂ ರಕ್ತ ನಿಂತಿತು.

ಕೈ ಕೆಟ್ಟಿತು, ಇನ್ನು ಕತ್ತಿ ಹಿಡಿಯುವುದಿಲ್ಲ ಎಂದು ಎರಡು ದಿನ ಅಂಗಡಿ ತೆರೆಯಲಿಲ್ಲ. ಮೇಷ್ಟ್ರು ಮನೆಗೇ ಬಂದು, ತಪ್ಪು ಕೈಯದಲ್ಲ, ಗುಳಿಗೆಯದು ಎಂದು ಬಿಡಿಸಿ ಹೇಳಿದರು. ಮುಂದಿನ ನಾಲ್ಕು ಶನಿವಾರ ಒಂದು ಹನಿ ರಕ್ತ ಬರಲಿಲ್ಲ. ಬೆಣ್ಣೆಕೈ ಮತ್ತೆ ಮೀಸೆ ತಿರುವಿದರು.

ಐದನೆಯ ವಾರ ಮೇಷ್ಟ್ರ ಹೆಂಡತಿ ಗುಳಿಗೆಯ ಪಟ್ಟಿ ಹಿಡಿದು ಅಂಗಡಿಗೆ ಬಂದರು. ಅದರಲ್ಲಿ ನುಂಗದ ಗುಳಿಗೆಗಳು ಹಾಗೇ ಉಳಿದಿದ್ದವು.

"ನಿಮ್ಮ ಕೈಗೆ ಕೆಟ್ಟ ಹೆಸರು ಬರಬಾರದಂತೆ ಅಣ್ಣ. ಅದಕ್ಕೆ ಪ್ರತಿವಾರ ಗುರುವಾರ, ಶುಕ್ರವಾರ ಗುಳಿಗೆ ನುಂಗಲ್ಲ ಇವರು."

ಬೆಣ್ಣೆಕೈ ಪಟ್ಟಿ ಇಸಕೊಂಡು ಉಳಿದ ಗುಳಿಗೆ ಎಣಿಸಿದರು. ಮರುಗಳಿಗೆಗೆ ಸಿಟ್ಟು ನೆತ್ತಿಗೇರಿತು. ಅರ್ಧ ಗಡ್ಡದ ಗಿರಾಕಿಯನ್ನು ನೊರೆಯಲ್ಲೇ ಬಿಟ್ಟು ಮೇಷ್ಟ್ರ ಮನೆಗೆ ಓಡಿ, ಅವರ ರಟ್ಟೆ ಹಿಡಿದು ಡಾಕ್ಟರಮ್ಮನ ಮುಂದೆ ಕೂರಿಸಿದರು.

ಆಕೆ ಇಬ್ಬರಿಗೂ ಸರಿಯಾಗಿ ಬಿಸಿ ಮುಟ್ಟಿಸಿದರು. ಗುಳಿಗೆ ತಪ್ಪಿದರೆ ಎದೆಯೊಳಗೆ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗಬಹುದು, ಆಗ ಮನುಷ್ಯನೇ ಉಳಿಯದೆ ಹೋಗಬಹುದು. ಗಾಯವಾದರೆ ಗಡಿಯಾರ ನೋಡಿ ಹತ್ತು ನಿಮಿಷ ಬಟ್ಟೆ ಒತ್ತಿ ಹಿಡಿಯಬೇಕು, ನಡುವೆ ಎತ್ತಿ ನೋಡುವಂತಿಲ್ಲ. ಆಮೇಲೂ ನಿಲ್ಲದಿದ್ದರೆ, ಇಲ್ಲವೇ ಬಿದ್ದು ತಲೆಗೆ ಪೆಟ್ಟಾದರೆ, ಕೂಡಲೇ ಆಸ್ಪತ್ರೆಗೆ ಬರಬೇಕು. ಗಡ್ಡಕ್ಕೆ ಮಾತ್ರ ಕತ್ತಿ ಬೇಡ, ಕರೆಂಟಿನ ಮಿಷನ್ನು ಸಾಕು.

ಮಿಷನ್ನು! ಬೆಣ್ಣೆಕೈ ಜನ್ಮದಲ್ಲಿ ಅದನ್ನು ಕೈಯಲ್ಲಿ ಮುಟ್ಟಿದವರಲ್ಲ. ಆದರೂ ಅದೇ ಸಂಜೆ ಹೋಗಿ ತಂದರು.

ಶನಿವಾರ ಮೊದಲು ಗುಳಿಗೆಯ ಪಟ್ಟಿ ಕೇಳಿ ನೋಡಿ, ಏಳೂ ದಿನದ ಗುಳಿಗೆ ಹೊಟ್ಟೆಗೆ ಹೋಗಿದೆಯೆಂದು ಖಾತ್ರಿಯಾದ ಮೇಲೆಯೇ ಮಿಷನ್ನಿನ ಗುಂಡಿ ಒತ್ತಿದರು. ಬೆಂಚಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಬೆಣ್ಣೆಕೈಯೂ ನಕ್ಕರು. ಎಷ್ಟೋ ದಿನದ ಮೇಲೆ ಅವರ ಎದೆ ಹಗುರಾಗಿತ್ತು.

ಮೇಷ್ಟ್ರು ಕೆನ್ನೆ ಸವರಿಕೊಂಡು ಮುಖ ಸಿಂಡರಿಸಿದರು. "ಇನ್ನೂ ಚುಚ್ಚುತ್ತೆ ಕಣೋ. ಇದೇನಾ ನಿನ್ನ ಬೆಣ್ಣೆಕೈ?"

"ಆ ಹೆಸರು ಹೋದ್ರೆ ಹೋಗ್ಲಿ ಬಿಡೋ," ಎಂದರು ಬೆಣ್ಣೆಕೈ, ಗೆಳೆಯನ ಕುತ್ತಿಗೆಯ ಬಟ್ಟೆ ಬಿಚ್ಚುತ್ತ. "ಮುಂದಿನ ಶನಿವಾರ ನೀನು ಬಂದು ಈ ಕುರ್ಚೀಲಿ ಕೂತ್ರೆ ನಂಗೆ ಸಾಕು."