ಕಾಶಿಯಲ್ಲಿ ಬಿಟ್ಟ ಗುಳಿಗೆ

ಕಾಶಿಗೆ ಹೋದವರು ತಮಗೆ ಇಷ್ಟವಾದ ಒಂದು ಹಣ್ಣನ್ನೋ ಕಾಯಿಪಲ್ಲೆಯನ್ನೋ ಗಂಗೆಯಲ್ಲಿ ಬಿಟ್ಟು ಬರಬೇಕು, ಬಿಟ್ಟದ್ದನ್ನು ಮತ್ತೆಂದೂ ಬಾಯಿಗೆ ಇಡಬಾರದು ಎಂಬ ರೂಢಿ ನಮ್ಮ ಕಡೆ ಇದೆ. ನಮ್ಮ ಅಜ್ಜಿ ಹೀರೇಕಾಯಿ ಬಿಟ್ಟಿದ್ದರು. ಹೀರೇಕಾಯಿ ಅವರಿಗೆ ಮೊದಲಿನಿಂದಲೂ ಸೇರುತ್ತಿರಲಿಲ್ಲವೆಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಆದರೆ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಈ ರೂಢಿ ಯಾವ ಗ್ರಂಥದಲ್ಲಿದೆ ಎಂದು ನಾನು ಹುಡುಕಿದ್ದೇನೆ. ಸಿಕ್ಕಿಲ್ಲ. ಶಾಲೆಯನ್ನು ಬೇಗ ಬಿಟ್ಟು, ಕೈಗೆ ಸಿಕ್ಕ ಪುಸ್ತಕಗಳಿಂದಲೇ ಕಲಿತ ನನಗೆ ಹೇಳಿಕೆ ಮಾತನ್ನು ಹಾಗೆಯೇ ಒಪ್ಪುವುದು ಕಷ್ಟ. ಹಂಪಿಯ ಬಜಾರಿನಲ್ಲಿ ಮುತ್ತುರತ್ನಗಳನ್ನು ಸೇರಿನಿಂದ ಅಳೆದು ಮಾರುತ್ತಿದ್ದರೆಂದ ಗೈಡಿಗೆ, ಅಳೆದದ್ದನ್ನು ಕಂಡವರು ಯಾರು ಎಂದು ಕೇಳಿ ಬೈಸಿಕೊಂಡವನು ನಾನು. ಆದರೆ ಕಾಶಿಯ ರೂಢಿ ನನ್ನ ತಂಗಿಯ ಜೀವದ ಮೇಲೆಯೇ ಬಂದು ನಿಂತಾಗ ಗ್ರಂಥದ ಆಧಾರ ಕೇಳುತ್ತ ಕೂರಲು ಆಗಲಿಲ್ಲ.

ತಂಗಿ ಸಂಡೂರಿನಲ್ಲಿ ಮಗ, ಸೊಸೆಯೊಂದಿಗೆ ಇದ್ದಳು. ಕಬ್ಬಿಣದ ಅದಿರಿಗೆ ಎಲ್ಲಿಲ್ಲದ ಬೆಲೆ ಬಂದ ವರ್ಷಗಳವು. ಮನೆಯ ಮುಂದೆ ಲಾರಿಗಳ ಸಾಲು ಕಡಿಯುತ್ತಲೇ ಇರಲಿಲ್ಲ. ಅಡುಗೆಮನೆಯ ಹಲಗೆಯ ಮೇಲಿನ ಹಿತ್ತಾಳೆ ಪಾತ್ರೆಗಳು ದಿನವಿಡೀ ಗುಣುಗುಡುತ್ತಿದ್ದವು. ಅವಳ ಮಗ, ಅಂದರೆ ನನ್ನ ಅಳಿಯ, ಕಾಳುಕಡಿಯ ಅಂಗಡಿ ಮುಚ್ಚಿ ಲಾರಿ ಕೊಂಡಿದ್ದ. ಡ್ರೈವರ್ ಬಾರದ ದಿನ ತಾನೇ ಓಡಿಸುತ್ತಿದ್ದ. ಅಲ್ಲಿ ಲಾರಿ ಉರುಳಿತು, ಇಲ್ಲಿ ಗುದ್ದಿತು ಎಂಬ ಸುದ್ದಿ ಬರದ ವಾರವಿರಲಿಲ್ಲ. ಫೋನು ಬಂದರೆ ಸಾಕು, ತಂಗಿಯ ಎದೆ ಹೊಡೆದುಕೊಳ್ಳುತ್ತಿತ್ತು, ಕೈಕಾಲು ತಣ್ಣಗಾಗುತ್ತಿದ್ದವು. ಹೊಸಪೇಟೆಯ ವೈದ್ಯರೊಬ್ಬರು ಪರೀಕ್ಷಿಸಿ, ಹೃದಯದಲ್ಲಿ ದೋಷವಿಲ್ಲ, ಇದು ಆತಂಕ ಎಂದು ಹೇಳಿ ಒಂದು ಸಣ್ಣ ಗುಳಿಗೆ ಬರೆದುಕೊಟ್ಟರು. ಕೆಲವೇ ವಾರ ತೆಗೆದುಕೊಂಡು ಮತ್ತೆ ಬಂದು ತೋರಿಸಬೇಕು ಎಂದೂ ಹೇಳಿದ್ದರು.

ಗುಳಿಗೆ ಚೆನ್ನಾಗಿ ಕೆಲಸ ಮಾಡಿತು. ಆದ್ದರಿಂದಲೇ ಅವಳು ಮತ್ತೆ ವೈದ್ಯರ ಬಳಿ ಹೋಗಲಿಲ್ಲ. ಹೊಸಪೇಟೆಗೆ ಹೋಗುವ ಡ್ರೈವರ್ ಕೈಯಲ್ಲಿ ಗುಳಿಗೆಯ ಖಾಲಿ ಪಟ್ಟಿಯನ್ನು ಕೊಟ್ಟು ಕಳುಹಿಸಿದರೆ ಮೆಡಿಕಲ್ ಅಂಗಡಿಯವನು ಚೀಟಿ ಕೇಳದೆ ತುಂಬಿದ ಪಟ್ಟಿ ಕೊಡುತ್ತಿದ್ದ. ಹೀಗೆ ಎರಡು ವರ್ಷ ಸಮೀಪಿಸಿತು. ಮೊದಮೊದಲು ದಿನಕ್ಕೆ ಒಂದಿದ್ದದ್ದು ಒಂದೂವರೆ, ಆಮೇಲೆ ಎರಡಾಯಿತು. ಸಾರಿಗೆ ಉಪ್ಪನ್ನು ಎರಡೆರಡು ಸಲ ಹಾಕತೊಡಗಿದಳು, ಹಗಲಿನಲ್ಲೂ ತೂಕಡಿಸುತ್ತಿದ್ದಳು, ಬಚ್ಚಲಲ್ಲಿ ಆಯ ತಪ್ಪಿ ಬಿದ್ದು ಮೊಣಕೈ ಊದಿಸಿಕೊಂಡಳು. ಸೊಸೆ ಇದನ್ನು ಅರಳುಮರಳು ಎಂದಳು. ಅಳಿಯ ವಯಸ್ಸು ಎಂದ. ಅವಳಿಗಿಂತ ಹಿರಿಯನಾದ ನಾನು ಬೀಳದೆ ನಡೆಯುತ್ತಿದ್ದುದರಿಂದ ಆ ಮಾತನ್ನು ನಂಬಲಿಲ್ಲ. ಗುಳಿಗೆಯನ್ನು ವೈದ್ಯರಿಗೆ ತೋರಿಸೋಣವೆಂದರೆ ತಂಗಿ, "ಅದು ಔಷಧ ಅಲ್ಲೋ ಅಣ್ಣ, ಧೈರ್ಯದ ಗುಳಿಗಿ. ಅದಕ್ಕ್ಯಾಕ ಡಾಕ್ಟರು?" ಎನ್ನುತ್ತಿದ್ದಳು.

ಆಗ ಓಣಿಯ ಹೆಂಗಸರೊಂದಿಗೆ ಅವಳು ಕಾಶಿಗೆ ಹೋದಳು. ಬಂದ ಮೇಲೆ ಗಂಗಾಪೂಜೆಯ ಊಟಕ್ಕೆ ನನ್ನನ್ನೂ ಕರೆದಿದ್ದರು. ನಾನು ನನ್ನೂರು ಮಲಪನಗುಡಿಯಿಂದ ಹೊರಟು ಸಂಡೂರು ತಲುಪುವಾಗ ಮಧ್ಯಾಹ್ನವಾಗಿತ್ತು. ಪಡಸಾಲೆಯಲ್ಲಿ ಗಂಗೆಯ ತಂಬಿಗೆಯನ್ನು ಹಿಡಿದು ತಂಗಿ ಕುಳಿತಿದ್ದಳು. ತಂಬಿಗೆ ಅವಳ ಕೈಯಲ್ಲಿ ಕಟಕಟನೆ ನಡುಗುತ್ತಿತ್ತು. ಹಣೆಯ ಕುಂಕುಮ ಬೆವರಿಗೆ ಕರಗಿ ಮೂಗಿನವರೆಗೆ ಇಳಿದಿತ್ತು. ಸುತ್ತಲಿನ ಹೆಂಗಸರು ಕೈಮುಗಿದು ನಿಂತಿದ್ದರು.

"ಗಂಗವ್ವ ಮೈಮ್ಯಾಲೆ ಬಂದಾಳ್ರಿ," ಎಂದಳು ಒಬ್ಬಾಕೆ. "ರೈಲಿನಾಗಿಂದನ ಹಿಂಗ ನಡಗಾಕ ಹತ್ಯಾಳ. ಕಣ್ಣು ಸೈತ ಮುಚ್ಚಿಲ್ಲ."

ತಂಗಿ ನನ್ನನ್ನು ಕಂಡು, "ಅಣ್ಣ, ಗೋಡಿ ಮ್ಯಾಲೆ ಇರುವಿ ಹರದಾಡಾಕ ಹತ್ಯಾವ, ನೋಡು," ಎಂದಳು. ಗೋಡೆಗೆ ಹೊಸದಾಗಿ ಸುಣ್ಣ ಬಳಿದಿದ್ದರು. ಅಲ್ಲಿ ಒಂದೂ ಇರುವೆ ಇರಲಿಲ್ಲ.

ನಾನು ಅವಳ ಪಕ್ಕದಲ್ಲಿ ಕುಳಿತು, ಗುಳಿಗೆ ತೆಗೆದುಕೊಂಡೆಯಾ ಎಂದು ಕೇಳಿದೆ.

"ಬಿಟ್ಟೆ."

"ಎಲ್ಲಿ?"

"ಕಾಶ್ಯಾಗ. ಇದ್ದ ಪಟ್ಟಿ ಎಲ್ಲಾ ಗಂಗಿಗೆ ಬಿಟ್ಟೆ."

ಅಳಿಯನ ಮುಖ ಅರಳಿತು. "ಚಲೋ ಆತಲ್ಲ ಮಾಮಾ. ಬೀಡಿ ಚಟ ಬಿಟ್ಟಂಗ ಬಿಟ್ಟಾಳ. ಎರಡು ದಿನ ಹಿಂಗ ಇರ್ತದ, ಆಮ್ಯಾಲೆ ಸರಿ ಹೋಗ್ತದ."

ದೇವಿ ಬಂದಳೆಂಬ ಮಾತನ್ನೂ ನಾನು ಒಪ್ಪಲಿಲ್ಲ, ಚಟ ಬಿಟ್ಟಳೆಂಬ ಮಾತನ್ನೂ ಒಪ್ಪಲಿಲ್ಲ. ದೇವಿ ಬಂದವಳು ಇಲ್ಲದ ಇರುವೆಗಳನ್ನು ಕಂಡು ಏಕೆ ಹೆದರಬೇಕು? ಊಟಕ್ಕೆ ಎಲೆ ಹಾಕುತ್ತಿದ್ದಾಗಲೇ ಜಗಳವಾಡಿ ಅವಳನ್ನೂ ಅಳಿಯನನ್ನೂ ಕಾರಿಗೆ ಹತ್ತಿಸಿದೆ. "ಪೂಜಿ ಕೆಡಿಸಿದ ಮುದುಕ" ಎಂದು ಹಿಂದಿನಿಂದ ಯಾರೋ ಅಂದದ್ದು ಕೇಳಿಸಿತು.

ಹೊಸಪೇಟೆಯ ಅದೇ ವೈದ್ಯರು ನಾಡಿ ಹಿಡಿದು ನೋಡುತ್ತಲೇ ಎಲ್ಲವನ್ನೂ ಕೇಳಿದರು. ಎಷ್ಟು ದಿನದಿಂದ, ದಿನಕ್ಕೆ ಎಷ್ಟು, ಯಾವಾಗ ನಿಲ್ಲಿಸಿದ್ದು, ಫಿಟ್ಸ್ ಬಂದಿತ್ತೇ. ಮನೆಯಲ್ಲಿ ಬೇರೆ ಯಾರಾದರೂ ಇದನ್ನು ನುಂಗುತ್ತಾರೆಯೇ ಎಂದಾಗ ಅಳಿಯ ನೆಲ ನೋಡಿದ. "ನಿದ್ದಿ ಬರದಿದ್ರ ಡ್ರೈವರ್‌ಗೆ ಒಂದೊಂದು..." ಎಂದ.

"ಲಾರಿ ಓಡಿಸೋರಿಗೆ ಕೊಟ್ಟೀರೇನ್ರಿ ಇದನ್ನ? ಮ್ಯಾಲೆ ಅವರು ಕುಡಿದಿದ್ರ? ಉಸಿರು ನಿಲ್ತದ," ಎಂದರು ವೈದ್ಯರು, ಧ್ವನಿ ಏರಿಸದೆ. ಆಮೇಲೆ ನನ್ನ ಕಡೆ ತಿರುಗಿದರು. "ಡ್ಯಾಮಿನ ಗೇಟು ಒಮ್ಮಿಗೇ ಪೂರ್ತಿ ಎತ್ತತಾರೇನ್ರಿ ಯಜಮಾನರ? ಇಂಚಿಂಚು ಎತ್ತತಾರ. ಇದನ್ನೂ ಹಂಗ ಬಿಡಬೇಕು, ತಿಂಗಳುಗಟ್ಟಲೆ, ನಾ ಹೇಳಿದಂಗ. ಒಮ್ಮಿಗೇ ಬಿಟ್ರ ಫಿಟ್ಸ್ ಬರ್ತಾವ, ಜೀವಾನೂ ಹೋಗಬಹುದು. ಇವತ್ತ ಮತ್ತ ಶುರು ಮಾಡಬೇಕು. ಕೆಲವು ದಿನ ಇಲ್ಲೇ ಇರಲಿ."

ನರ್ಸು ಗುಳಿಗೆ ತಂದಳು. ತಂಗಿ ಬಾಯಿ ಬಿಗಿದುಕೊಂಡಳು.

"ಕಾಶ್ಯಾಗ ಬಿಟ್ಟದ್ದು. ನುಂಗಂಗಿಲ್ಲ."

"ಇಷ್ಟ ಇದ್ದದ್ದನ್ನ ಬಿಡಬೇಕಂತ ರೂಢಿ," ಎಂದೆ. "ಗುಳಿಗಿ ಏನು ಮಾವಿನಹಣ್ಣೇನು?"

"ಅದರಷ್ಟು ಇಷ್ಟ ನನಗ ಬ್ಯಾರೆ ಏನೂ ಇದ್ದಿಲ್ಲ ಅಣ್ಣ." ನಾಚಿಕೆಯಿಲ್ಲದೆ, ದುಃಖವೂ ಇಲ್ಲದೆ ಹೇಳಿದಳು. "ಅಜ್ಜಿ ಹೀರಿಕಾಯಿ ಬಿಟ್ಟಂಗ ನಾನೂ ಗಂಗಿಗೆ ಮೋಸ ಮಾಡಬೇಕಿತ್ತೇನು?"

ನಮ್ಮ ಮನೆತನದಲ್ಲಿ ಕಾಶಿಗೆ ಹೋಗಿ ನಿಜವಾಗಿ ಬಿಟ್ಟವಳು ಇವಳೊಬ್ಬಳೇ ಎಂದು ನನಗೆ ಅನಿಸಿತು.

ಅಳಿಯ ಕೈಮುಗಿದ. "ನುಂಗವ್ವ. ಲಾರಿ ಮಾರಿಬಿಡ್ತೀನಿ."

"ಹೋದ ವರ್ಷಾನೂ ಹಂಗ ಅಂದಿ. ಆಮ್ಯಾಲೆ ಮತ್ತೊಂದು ತಂದಿ."

ಅವಳ ಹಲ್ಲುಗಳು ಒಂದಕ್ಕೊಂದು ಬಡಿಯುತ್ತಿದ್ದವು. ಫಿಟ್ಸ್ ಬಂದ ಮೇಲೆ ಅವಳ ಒಪ್ಪಿಗೆ ಕೇಳಲು ಆಗುವುದಿಲ್ಲ ಎಂದು ವೈದ್ಯರು ಹೇಳಿ ಬಾಗಿಲ ಬಳಿ ನಿಂತರು. ಅವಳು, "ಕಾಶಿ ಮಾಡಿ ಬಂದೀನಿ. ಸತ್ರ ಸಾಯ್ತೀನಿ," ಎಂದಳು.

ನಾನು ನರ್ಸಿನ ಕೈಯಿಂದ ಗುಳಿಗೆ ತೆಗೆದುಕೊಂಡೆ. "ನೀ ನುಂಗಬ್ಯಾಡ. ನಾ ಬಾಯಾಗ ಹಾಕ್ತೀನಿ. ಪಾಪ ನನಗ ಬರಲಿ."

"ನೀ ಪಾಪ ಪುಣ್ಯ ನಂಬಂಗಿಲ್ಲ. ನಂಬಲಾರದವಗ ಪಾಪ ಹೆಂಗ ಹತ್ತತದ?"

"ನಂಬಲಿಲ್ಲಂದ್ರ ಹತ್ತಂಗಿಲ್ಲೇನು? ಹಂಗಾರ ಈ ಗಣಿ ದಂಧ್ಯಾಗಿನ ಅರ್ಧ ಮಂದಿ ಪಾರಾದ್ರು ಬಿಡು."

ನಡುಗುವ ತುಟಿಯಲ್ಲೇ ಅವಳಿಗೆ ನಗು ಬಂತು. ನಗಲು ತೆರೆದ ಬಾಯನ್ನು ಅವಳು ಮತ್ತೆ ಮುಚ್ಚಲಿಲ್ಲ. ನಾನು ಗುಳಿಗೆ ಇಟ್ಟೆ, ನರ್ಸು ನೀರು ಕುಡಿಸಿದಳು. ತಂಗಿ ಕಣ್ಣು ಮುಚ್ಚಿಕೊಂಡು ಅಳುತ್ತ ನುಂಗಿದಳು.

ಆಸ್ಪತ್ರೆಯಿಂದ ಅವಳನ್ನು ಮಲಪನಗುಡಿಗೆ ಕರೆದುಕೊಂಡು ಬಂದೆ. ವೈದ್ಯರು ಹೇಳಿದ ಹಾಗೆ ಗುಳಿಗೆಯನ್ನು ಬ್ಲೇಡಿನಿಂದ ಕತ್ತರಿಸಿ, ಅವರು ಹೇಳಿದಾಗ ಮಾತ್ರ ಇನ್ನಷ್ಟು ಚಿಕ್ಕದು ಮಾಡುತ್ತಿದ್ದೆ. ಕೆಲವು ವಾರ ಅವಳಿಗೆ ತಾಳಲಾಗದೆ, ಅವರು ಅಳತೆಯನ್ನು ಇಳಿಸದೆ ಅಲ್ಲಿಯೇ ನಿಲ್ಲಿಸುತ್ತಿದ್ದರು. ನಿದ್ದೆ ಹಾರಿ, ಕಾರಣವಿಲ್ಲದೆ ಸಿಟ್ಟು ಬಂದು, ತಟ್ಟೆಯನ್ನು ದೂಡಿದ ದಿನಗಳಿದ್ದವು. ಪಟ್ಟಿ ನನ್ನ ಪೆಟ್ಟಿಗೆಯಲ್ಲೇ ಇರುತ್ತಿತ್ತು. ಪ್ರತಿಸಲವೂ ಅವಳು, "ಪಾಪ ಯಾರಿಗೆ?" ಎಂದು ಕೇಳುವಳು. ನಾನು, "ನನಗ" ಎನ್ನಬೇಕು. ಅದಾದ ಮೇಲೆಯೇ ಬಾಯಿ ತೆರೆಯುವಳು. ತೂಕಡಿಕೆ ಕಡಿಮೆಯಾಗುತ್ತ ಬಂದಂತೆ ಮಾತಿನ ಹರಿತವೂ ಮರಳಿತು. ಆತಂಕ ಮಾತ್ರ ಪೂರ್ತಿ ಹೋಗಲಿಲ್ಲ. ಅದಕ್ಕೆ ಬೇರೆ ಚಿಕಿತ್ಸೆ ಇದೆಯೆಂದು ವೈದ್ಯರು ಅವಳನ್ನು ಕೂರಿಸಿಕೊಂಡು ಮಾತನಾಡಿಸತೊಡಗಿದರು. ಎರಡು ವರ್ಷದ ಹಿಂದೆಯೇ ಇದು ಏಕಾಗಲಿಲ್ಲ ಎಂದು ನಾನು ಕೇಳಿದೆ. "ನೀವು ಬರಲಿಲ್ಲ," ಎಂದರು. ಅದು ನಿಜ. ಆದರೆ ಪೂರ್ತಿ ನಿಜವಲ್ಲ. ಮೊದಲ ದಿನ ಅವರೂ ಗುಳಿಗೆಯನ್ನಷ್ಟೇ ಬರೆದುಕೊಟ್ಟಿದ್ದರು.

ಗುಳಿಗೆ ಮುಗಿದು ವರ್ಷಗಳೇ ಆಗಿವೆ. ತನ್ನ ಕಾಶಿಯಾತ್ರೆ ಸಂದಿತೇ ಇಲ್ಲವೇ ಎಂಬುದನ್ನು ತಂಗಿ ಇನ್ನೂ ತೀರ್ಮಾನಿಸಿಲ್ಲ. ಕಾಶಿಗೆ ಹೋಗಿ ಬಂದವಳೆಂದು ಯಾರಾದರೂ ಕಾಲಿಗೆ ಬೀಳಲು ಬಂದರೆ ಪಾದಗಳನ್ನು ಸೀರೆಯೊಳಗೆ ಎಳೆದುಕೊಳ್ಳುತ್ತಾಳೆ. "ನನಗ ಬ್ಯಾಡ. ಅಲ್ಲಿ ನಮ್ಮಣ್ಣ ಕುಂತಾನ, ನನ್ನ ಪಾಪ ಪುಣ್ಯದ ಲೆಕ್ಕ ಅವನ ಕಡೆ ಅದ, ಅವನ್ನ ಕೇಳ್ರಿ," ಎನ್ನುತ್ತಾಳೆ. ಬಂದವರು ಏನೂ ತಿಳಿಯದೆ ನನ್ನ ಕಡೆ ನೋಡುತ್ತಾರೆ.